ನೆಲಮಾಳಿಗೆಯಲ್ಲೊಂದು ರೈಲ್ವೆ: ಜಾನ್ ಅಲೆನ್ ಬದುಕಿನ ಕಥೆ

ಒಂದು ರೈಲ್ವೆ ಕಟ್ಟೋಕೆ ಏನೇನು ಬೇಕು? ಭೂಮಿ, ಉಕ್ಕು, ಸಾವಿರಾರು ಜನ, ಕೋಟಿಗಟ್ಟಲೆ ದುಡ್ಡು ಅಂತ ನಮ್ಮ ಸಿವಿಲ್ ಗೆಳೆಯರು ತಕ್ಷಣ ಪಟ್ಟಿ ಕೊಡ್ತಾರೆ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮಾಂಟೆರೆ ಎಂಬ ಕಡಲತೀರದ ಊರಿನಲ್ಲಿ, ಒಬ್ಬರು ತಮ್ಮ ಮನೆಯ ನೆಲಮಾಳಿಗೆಯಲ್ಲೇ ಒಂದು ರೈಲ್ವೆ ಕಟ್ಟಿದರು. ಅದಕ್ಕೆ ಬೆಟ್ಟ, ಕಣಿವೆ, ಸೇತುವೆ, ಬಂದರು, ಯಾರ್ಡ್, ವೇಳಾಪಟ್ಟಿ ಎಲ್ಲವೂ ಇತ್ತು. ಎರಡು ಹಳಿಗಳ ನಡುವಿನ ಅಂತರ ಮಾತ್ರ 16.5 ಮಿಲಿಮೀಟರ್!

ಅವರ ಹೆಸರು ಜಾನ್ ವಿಟ್ಬಿ ಅಲೆನ್. ಮಾಡೆಲ್ ರೈಲು ಕಟ್ಟುವ ಹವ್ಯಾಸಿಗಳ ನಡುವೆ ಇವತ್ತಿಗೂ ಆ ಹೆಸರಿಗೆ ದೊಡ್ಡ ಗೌರವ ಇದೆ. ಅವರು ತೀರಿಕೊಂಡು ಅರ್ಧ ಶತಮಾನ ಕಳೆದಿದೆ. ಅವರು ಕಟ್ಟಿದ ರೈಲ್ವೆಯೂ ಉಳಿದಿಲ್ಲ. ಆದರೂ ಅವರನ್ನು ಜನ ಯಾಕೆ ಮರೆತಿಲ್ಲ ಅನ್ನೋದೇ ಈ ಲೇಖನದ ವಿಷಯ.

ಕ್ಯಾಮೆರಾದಿಂದ ಹಳಿಗೆ

ಅಲೆನ್ ಹುಟ್ಟಿದ್ದು 1913ರ ಜುಲೈ 2ರಂದು, ಮಿಸೌರಿ ರಾಜ್ಯದ ಜಾಪ್ಲಿನ್‌ನಲ್ಲಿ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಅವರ ಹೃದಯಕ್ಕೆ ಪೆಟ್ಟು ಕೊಟ್ಟಿತ್ತು. ಮೈ ದಣಿಸುವ ಕೆಲಸ ಅವರಿಗೆ ಆಗುವ ಹಾಗಿರಲಿಲ್ಲ. ಅವರು ಆರಿಸಿಕೊಂಡದ್ದು ಛಾಯಾಗ್ರಹಣ. ಲಾಸ್ ಏಂಜಲೀಸ್‌ನಲ್ಲಿ ಪಾಲುದಾರಿಕೆಯಲ್ಲಿ ಸ್ಟುಡಿಯೋ ನಡೆಸಿದರು, ಜನರ ಭಾವಚಿತ್ರ ತೆಗೆದರು. ಆಮೇಲೆ ತಮ್ಮ ಪಾಲು ಮಾರಿ, ಬಂದ ಹಣವನ್ನು ಜಾಣತನದಿಂದ ಹೂಡಿದರು. 1940ರ ದಶಕದ ನಡುವೆ ಮಾಂಟೆರೆಗೆ ಬಂದು ನೆಲೆಸಿದರು. ದೊಡ್ಡ ಶ್ರೀಮಂತಿಕೆ ಇರಲಿಲ್ಲ, ಆದರೆ ಸರಳವಾಗಿ ಬದುಕೋಕೆ ಸಾಕಾಗುವಷ್ಟು ವರಮಾನ ಇತ್ತು. ಇನ್ನು ಇಷ್ಟವಾದ ಕೆಲಸಕ್ಕೆ ದಿನವೆಲ್ಲಾ ಬಿಡುವು.

ಅಲ್ಲಿ ಅವರು ಕಟ್ಟಿದ ಮೊದಲ ಮಾಡೆಲ್ ಬಹಳ ಚಿಕ್ಕದು. ಸುಮಾರು 3.5 ಅಡಿ ಅಗಲ, 6.5 ಅಡಿ ಉದ್ದ, ಅಂದರೆ ನಮ್ಮ ಹಾಸ್ಟೆಲ್ ಮಂಚಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಅದಕ್ಕೆ ಗೋರ್ ಆಂಡ್ ಡಫೆಟಿಡ್ ಅಂತ ಹೆಸರಿಟ್ಟರು. ಕೇಳೋಕೆ ಯಾವುದೋ ಗಂಭೀರವಾದ ಕಂಪನಿಯ ಹೆಸರಿನ ಹಾಗಿದೆ ಅಲ್ವಾ? ಇಂಗ್ಲಿಷ್‌ನಲ್ಲಿ ಬೇಗ ಹೇಳಿದರೆ ಅದು ಗೋರಿ ಆಂಡ್ ಡಿಫೀಟೆಡ್ ಅಂತ ಕೇಳಿಸುತ್ತೆ. ರಕ್ತಸಿಕ್ತವಾಗಿ ಸೋತುಹೋದದ್ದು ಅನ್ನೋ ಅರ್ಥ. ಅಲೆನ್ ಅವರ ತಮಾಷೆಯ ಸ್ವಭಾವ ಹೆಸರಿನಲ್ಲೇ ಗೊತ್ತಾಗುತ್ತೆ. ಅವರ ರೈಲ್ವೆಯಲ್ಲಿ ಶಂಟಿಂಗ್ ಎಂಜಿನ್‌ಗಳ ಜೊತೆ ಎಮ್ಮಾ ಎಂಬ ಸ್ಟೆಗೊಸಾರಸ್ ಡೈನೋಸಾರ್ ಕೂಡ ಬೋಗಿ ಎಳೆಯುವ ನೌಕರಿಯಲ್ಲಿತ್ತು!

ಚಿಕ್ಕದು ಅಂದರೆ ಸುಲಭ ಅಲ್ಲ

ಅಲೆನ್ ಆರಿಸಿಕೊಂಡ ಅಳತೆಯ ಹೆಸರು ಎಚ್‌ಓ. ಅದಕ್ಕೂ ಮುಂಚೆ ಜನಪ್ರಿಯವಾಗಿದ್ದ ಓ ಅಳತೆಯ ಅರ್ಧ, ಅಂದರೆ ಹಾಫ್ ಓ. ಇದರಲ್ಲಿ ನಿಜವಾದ 1 ಅಡಿಗೆ ಮಾಡೆಲ್‌ನಲ್ಲಿ 3.5 ಮಿಲಿಮೀಟರ್. ಸರಿಸುಮಾರು 87ರಲ್ಲಿ ಒಂದು ಪಾಲು. 1 ಕಿಲೋಮೀಟರ್ ದಾರಿ ಇಲ್ಲಿ 11.5 ಮೀಟರ್ ಆಗುತ್ತೆ. ಒಂದು ಕೋಣೆಯಲ್ಲಿ ಊರೂರು ಸುತ್ತುವ ರೈಲನ್ನು ಕಟ್ಟಬಹುದು ಅನ್ನೋ ಆಸೆ ಹುಟ್ಟೋದೇ ಇಲ್ಲಿಂದ.

ಆದರೆ ಎಲ್ಲವನ್ನೂ 87ರಿಂದ ಭಾಗಿಸಿದರೆ ಕೆಲಸ ಮುಗೀತು ಅಂದುಕೊಳ್ಳಬೇಡಿ. ಭೌತಶಾಸ್ತ್ರ ನಮ್ಮ ಅಳತೆಪಟ್ಟಿಯ ಮಾತು ಕೇಳಲ್ಲ. ಉದ್ದ 87 ಪಟ್ಟು ಕಡಿಮೆಯಾದರೆ ಗಾತ್ರ 87ರ ಘನದಷ್ಟು, ಅಂದರೆ ಸುಮಾರು 6.6 ಲಕ್ಷ ಪಟ್ಟು ಕಡಿಮೆಯಾಗುತ್ತೆ. 100 ಟನ್ ಎಂಜಿನ್ ಈ ಲೆಕ್ಕದಲ್ಲಿ ಬರೀ 150 ಗ್ರಾಂ ಚಿಲ್ಲರೆ. ಅಷ್ಟು ಹಗುರವಾದರೆ ಹಳಿಯ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಚಕ್ರ ನಿಂತಲ್ಲೇ ಸುತ್ತುತ್ತೆ. ಅದಕ್ಕೇ ಮಾಡೆಲ್ ಎಂಜಿನ್‌ಗಳ ಒಳಗೆ ಲೋಹ ತುಂಬಿ ಭಾರ ಹೆಚ್ಚಿಸ್ತಾರೆ.

ತಿರುವಿನ ಕಥೆ ಇನ್ನೂ ಕಷ್ಟ. ನಿಜವಾದ ದಾರಿಯಲ್ಲಿ 300 ಮೀಟರ್ ತ್ರಿಜ್ಯದ ತಿರುವು ಅಂದರೇ ಬಿಗಿಯಾದದ್ದು. ಅದನ್ನು ಎಚ್‌ಓ ಅಳತೆಗೆ ಇಳಿಸಿದರೂ ತ್ರಿಜ್ಯ 3.4 ಮೀಟರ್. ರೈಲು ಒಮ್ಮೆ ಪೂರ್ತಿ ತಿರುಗಿ ಬರೋಕೆ ಸುಮಾರು 7 ಮೀಟರ್ ಅಗಲದ ಕೋಣೆ ಬೇಕು! ಹಾಗಾಗಿ ಹವ್ಯಾಸಿಗಳು 60-70 ಸೆಂಟಿಮೀಟರ್ ತ್ರಿಜ್ಯಕ್ಕೆ ಒಪ್ಪಿಕೊಳ್ತಾರೆ. ಆಗ ಉದ್ದನೆಯ ಬೋಗಿ ತಿರುವಿನಲ್ಲಿ ಹಳಿಯಿಂದ ಆಚೆ ಚಾಚಿಕೊಂಡು ಆಟಿಕೆಯ ಹಾಗೆ ಕಾಣುತ್ತೆ.

ಅಲೆನ್ ಅವರ ಜಾಣ್ಮೆ ಇದ್ದದ್ದು ಇಂಥ ಕಡೆ. ಅವರ ರೈಲ್ವೆ ಬೆಟ್ಟಗುಡ್ಡಗಳ ನಾಡಿನದ್ದು. ಅಂಥ ನಾಡಿನಲ್ಲಿ ಬಿಗಿ ತಿರುವು ಇರೋದು ಸಹಜ. ಅಲ್ಲಿ ಓಡೋದು ಗಿಡ್ಡ ಬೋಗಿಗಳ ಹಳೆಯ ಕಾಲದ ಗಾಡಿಗಳು. ತೀರಾ ಬಿಗಿಯಾದ ತಿರುವು ಸುರಂಗದ ಒಳಗೆ ಮರೆಯಾಗುತ್ತೆ. ನೋಡುವವರಿಗೆ ಸುಂದರ ದೃಶ್ಯ, ಕಟ್ಟಿದವರಿಗೆ ಜ್ಯಾಮಿತಿಯ ಸಮಸ್ಯೆಗೆ ಪರಿಹಾರ. ಒಂದೇ ಬೆಟ್ಟ ಎರಡೂ ಕೆಲಸ ಮಾಡ್ತಿತ್ತು.

ಧೂಳು, ತುಕ್ಕು, ಕನ್ನಡಿ

ಆ ಕಾಲದಲ್ಲಿ ಮಾಡೆಲ್ ರೈಲು ಅಂದರೆ ಫಳಫಳ ಹೊಳೆಯಬೇಕು ಅನ್ನೋದು ಬಹುತೇಕರ ನಂಬಿಕೆ. ದುಡ್ಡು ಕೊಟ್ಟು ತಂದ ಎಂಜಿನ್ ಮೇಲೆ ಯಾರಾದರೂ ಮಸಿ ಬಳಿತಾರಾ? ಅಲೆನ್ ಬಳಿದರು. ಕಲ್ಲಿದ್ದಲಿನ ಹೊಗೆ ಕುಡಿದ ಎಂಜಿನ್‌ಗೆ ಮಸಿ, ಹಳೆಯ ಬೋಗಿಗೆ ತುಕ್ಕು, ಬಿಸಿಲಿಗೆ ಬಿದ್ದ ಮರದ ಗೋಡೆಗೆ ಮಾಸಿದ ಬಣ್ಣ, ಎಲ್ಲವನ್ನೂ ಕುಂಚದಿಂದ ತಂದರು. ನಿಜವಾದ ರೈಲು ನೋಡಿದ ಛಾಯಾಗ್ರಾಹಕನ ಕಣ್ಣು ಅದು. ಇವತ್ತು ಈ ಹವ್ಯಾಸದಲ್ಲಿ ವೆದರಿಂಗ್ ಅನ್ನೋದು ಎಲ್ಲರೂ ಕಲಿಯುವ ಪಾಠ. ಅದಕ್ಕೆ ದಾರಿ ತೋರಿಸಿದವರಲ್ಲಿ ಅಲೆನ್ ಮುಖ್ಯರು.

1950ರ ದಶಕದ ನಡುವೆ, ಹೊಸದಾಗಿ ಕೊಂಡ ಮನೆಯ ನೆಲಮಾಳಿಗೆಯಲ್ಲಿ, ಅವರು ತಮ್ಮ ಮೂರನೆಯ ಮತ್ತು ಕೊನೆಯ ಗೋರ್ ಆಂಡ್ ಡಫೆಟಿಡ್ ಶುರುಮಾಡಿದರು. ಮೇಜಿನ ಎತ್ತರಕ್ಕೆ ನಿಲ್ಲಿಸುವ ರೂಢಿ ಬಿಟ್ಟು, ನೆಲದಿಂದ ಸೂರಿನವರೆಗೂ ಬೆಟ್ಟ ಎಬ್ಬಿಸಿದರು. ಅದರ ನಡುವೆ ನಡೆದಾಡುವವರಿಗೆ ಕಣಿವೆಯಲ್ಲೇ ಇದ್ದ ಹಾಗೆ ಅನ್ನಿಸಬೇಕು ಅನ್ನೋದು ಉದ್ದೇಶ. ಹಿಂದಿನ ಮನೆ, ಮರಗಳನ್ನು ಇನ್ನೂ ಚಿಕ್ಕ ಅಳತೆಯಲ್ಲಿ ಮಾಡಿ ದೂರದ ಭ್ರಮೆ ಹುಟ್ಟಿಸಿದರು. ಗೋಡೆ ಅಡ್ಡ ಬಂದ ಕಡೆ ಕನ್ನಡಿ ಇಟ್ಟು ಬೀದಿಯನ್ನು ಮುಂದುವರಿಸಿದರು. ತಮ್ಮ ಆ ಮೊದಲ ಪುಟ್ಟ ಮಾಡೆಲ್ಲನ್ನು ಅವರು ಎಸೆಯಲಿಲ್ಲ. ಅದನ್ನು ಹಾಗೇ ತಂದು ಈ ದೊಡ್ಡ ರೈಲ್ವೆಯ ಒಂದು ಭಾಗವಾಗಿ ಸೇರಿಸಿಕೊಂಡರು.

ಇದೆಲ್ಲ ಹೊರಜಗತ್ತಿಗೆ ಗೊತ್ತಾದದ್ದು ಅವರ ಫೋಟೋಗಳಿಂದ. ಅಂಗೈಯಷ್ಟು ಎಂಜಿನ್‌ನ ಫೋಟೋ ತೆಗೆದರೆ ಮುಂದಿನದು ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಅಲ್ಲಿಗೆ ಮಾಡೆಲ್ ಅನ್ನೋ ಗುಟ್ಟು ರಟ್ಟಾಯ್ತು. ಅಲೆನ್ ಲೆನ್ಸಿನ ರಂಧ್ರವನ್ನು ತೀರಾ ಕಿರಿದು ಮಾಡಿ, ಹೆಚ್ಚು ಹೊತ್ತು ಬೆಳಕು ಬಿಟ್ಟು, ಹತ್ತಿರದ ಬೋಗಿಯೂ ದೂರದ ಬೆಟ್ಟವೂ ಸ್ಪಷ್ಟವಾಗಿ ಕಾಣುವ ಚಿತ್ರ ತೆಗೆದರು. ಮಾಡೆಲ್ ರೈಲು ತಯಾರಿಸುವ ವಾರ್ನಿ ಕಂಪನಿಯ ಜಾಹೀರಾತುಗಳಲ್ಲಿ ಅವರ ಚಿತ್ರಗಳು ಬಂದವು. ಪತ್ರಿಕೆಗಳಲ್ಲಿ ಲೇಖನ ಬರೆದು, ಬೆಟ್ಟ ಮಾಡೋದು ಹೇಗೆ, ಬಣ್ಣ ಮಾಸಿಸೋದು ಹೇಗೆ ಅಂತ ತಮ್ಮ ವಿಧಾನಗಳನ್ನೆಲ್ಲ ಮುಚ್ಚುಮರೆ ಇಲ್ಲದೆ ಹಂಚಿಕೊಂಡರು.

ರೈಲು ಅಂದಮೇಲೆ ಕೆಲಸ ಇರಬೇಕು

ವೃತ್ತದಲ್ಲಿ ಸುಮ್ಮನೆ ಸುತ್ತುವ ರೈಲನ್ನು ಎಷ್ಟು ಹೊತ್ತು ನೋಡ್ತೀರಿ? ಹತ್ತು ನಿಮಿಷಕ್ಕೆ ಬೇಜಾರು. ಅಲೆನ್ ಅವರಿಗೆ ರೈಲ್ವೆ ಒಂದು ವ್ಯವಸ್ಥೆಯಾಗಿ ನಡೆಯಬೇಕಿತ್ತು. ಗೆಳೆಯರು ಗೊತ್ತಾದ ದಿನ ಬಂದು ಸೇರ್ತಿದ್ದರು. ಒಬ್ಬರು ಗಾಡಿಗಳ ಸಂಚಾರ ನಿಯಂತ್ರಿಸಬೇಕು, ಒಬ್ಬರು ಯಾರ್ಡ್ ನೋಡಿಕೊಳ್ಳಬೇಕು, ಉಳಿದವರು ಎಂಜಿನ್ ನಡೆಸಬೇಕು. ಯಾವ ಬೋಗಿ ಯಾವ ಊರಿಗೆ ಹೋಗಬೇಕು ಅನ್ನೋದಕ್ಕೆ ಲೆಕ್ಕ ಇತ್ತು. ಕಿರಿದಾದ ಜಾಗಕ್ಕೆ ತಕ್ಕ ಹಾಗೆ ಕಾಲವನ್ನೂ ಕಿರಿದಾಗಿಸಿ, ಗಡಿಯಾರವನ್ನು ವೇಗವಾಗಿ ಓಡಿಸಿ, ಅದರ ಪ್ರಕಾರ ಗಾಡಿಗಳು ಹೊರಡ್ತಿದ್ದವು. ಇಂಥ ದಿನ ಹಳಿಯ ಜೋಡಣೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಬೋಗಿ ಕೆಳಗಿಳಿದು, ವೇಳಾಪಟ್ಟಿಯೆಲ್ಲ ಏರುಪೇರು. ಚೆಂದ ಕಾಣೋದರ ಜೊತೆಗೆ ಸರಿಯಾಗಿ ಓಡಲೂಬೇಕು ಅನ್ನೋ ಹಟ ಅವರದು.

1972ರಲ್ಲಿ ಅವರು ಟೈಮ್‌ಸೇವರ್ ಎಂಬ ಒಂದು ಶಂಟಿಂಗ್ ಒಗಟನ್ನು ಮಾಡೆಲ್ ರೈಲ್‌ರೋಡರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಐದು ಪಾಯಿಂಟ್‌ಗಳು, ಎಂಜಿನ್ ಸುತ್ತಿ ಬರಲು ಒಂದು ಲೂಪ್, ಕೆಲವೇ ಬೋಗಿ ಹಿಡಿಸುವ ಗಿಡ್ಡ ಸೈಡಿಂಗ್‌ಗಳು, ಒಂದು ಎಂಜಿನ್. ಪ್ರತಿ ಬೋಗಿಯನ್ನೂ ಅದರ ಜಾಗಕ್ಕೆ ತಲುಪಿಸಬೇಕು, ಅದೂ ಆದಷ್ಟು ಬೇಗ. ಕೇಳೋಕೆ ಸುಲಭ. ಕೈ ಹಾಕಿದರೆ ಗೊತ್ತಾಗುತ್ತೆ, ಒಂದು ಬೋಗಿಗೆ ಜಾಗ ಮಾಡಲು ಇನ್ನೊಂದನ್ನು ಎತ್ತಬೇಕು, ಅದನ್ನು ಇಡಲು ಮೂರನೆಯದು ಅಡ್ಡ! ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಇದರಲ್ಲಿ ಗ್ರಾಫ್ ಸರ್ಚ್ ಸಮಸ್ಯೆಯೇ ಕಾಣಿಸಬಹುದು. ಬೋಗಿಗಳ ಪ್ರತಿ ಜೋಡಣೆ ಒಂದು ನೋಡ್, ಎಂಜಿನ್‌ನ ಪ್ರತಿ ಚಲನೆ ಒಂದು ಎಡ್ಜ್.

ಹತ್ತು ದಿನ

ಆ ಒಗಟು ಅಚ್ಚಾಗಿ ಹೆಚ್ಚು ಕಾಲವಾಗಿರಲಿಲ್ಲ. 1973ರ ಜನವರಿ 6ರಂದು ಅಲೆನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. ಇಪ್ಪತ್ತು ವರ್ಷದ ಹತ್ತಿರ ಕೈಯಲ್ಲೇ ಬೆಳೆಸಿದ ರೈಲ್ವೆಯಲ್ಲಿ ಇನ್ನೂ ಮಾಡುವ ಕೆಲಸ ಬಾಕಿ ಇತ್ತು. ಅದನ್ನು ಉಳಿಸಿಕೊಳ್ಳಬೇಕು ಅಂತ ಗೆಳೆಯರು ಯೋಚಿಸಬಹುದಾಗಿದ್ದ ಹೊತ್ತಿನಲ್ಲೇ, ಅವರು ಹೋದ ಹತ್ತು ದಿನಕ್ಕೆ ಮನೆಗೆ ಬೆಂಕಿ ಬಿತ್ತು. ಮರದ ಚೌಕಟ್ಟು, ಬೆಟ್ಟ, ಸೇತುವೆ, ಎಂಜಿನ್, ಜೊತೆಗೆ ಆ ಮೊದಲ ಪುಟ್ಟ ಮಾಡೆಲ್ ಕೂಡ ಬೆಂಕಿಗೆ ಆಹುತಿಯಾಯ್ತು. ಒಬ್ಬ ಮನುಷ್ಯನೂ ಅವನ ಜೀವಮಾನದ ಕೆಲಸವೂ ಎರಡೇ ವಾರದೊಳಗೆ ಇಲ್ಲವಾದವು.

ಇಲ್ಲಿಗೆ ಕಥೆ ಮುಗೀಬೇಕಿತ್ತು. ಆದರೆ ಫೋಟೋಗಳಿದ್ದವು, ಲೇಖನಗಳಿದ್ದವು. ಮಾಡೆಲ್ ರೈಲ್‌ರೋಡರ್‌ನ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅಲೆನ್ ಅವರ ಬದುಕು ಮತ್ತು ಕೆಲಸದ ಬಗ್ಗೆ ಬರೆದ ಪುಸ್ತಕ 1981ರಲ್ಲಿ ಹೊರಬಂತು. ಆ ರೈಲ್ವೆಯನ್ನು ಕಣ್ಣಾರೆ ಕಾಣದ ಜನ ಈ ಚಿತ್ರಗಳನ್ನು ನೋಡಿಯೇ ಕಲಿತರು, ಈಗಲೂ ಕಲಿಯುತ್ತಿದ್ದಾರೆ. ತುಕ್ಕು ಹಿಡಿಸಿದ ಬೋಗಿ, ನೆಲದಿಂದ ಏಳುವ ಬೆಟ್ಟ, ಕೆಲಸ ಮಾಡುವ ರೈಲು, ಟೈಮ್‌ಸೇವರ್, ಇವೆಲ್ಲ ಸಾವಿರಾರು ಮನೆಗಳಲ್ಲಿ ಮತ್ತೆ ಮತ್ತೆ ಹುಟ್ಟುತ್ತಿವೆ. ಅಲೆನ್ ತಮ್ಮ ವಿದ್ಯೆಯನ್ನು ಬಚ್ಚಿಟ್ಟುಕೊಂಡಿದ್ದರೆ ಅದೂ ಆ ನೆಲಮಾಳಿಗೆಯ ಜೊತೆ ಬೂದಿಯಾಗಿರುತ್ತಿತ್ತು.

ನಾವೂ ಪ್ರಾಜೆಕ್ಟ್ ಮಾಡ್ತೀವಿ. ಡೆಮೊ ದಿನ ಓಡಿದರೆ ಸಾಕು, ಆಮೇಲೆ ಬೋರ್ಡ್ ಬಿಚ್ಚಿ ಬಿಡಿಭಾಗ ವಾಪಸ್. ಹೇಗೆ ಮಾಡಿದ್ವಿ ಅಂತ ಬರೆದಿಡೋಕೆ ಮಾತ್ರ ಸೋಮಾರಿತನ. ಅಲೆನ್ ಅವರ ಬದುಕು ಹೇಳೋದು ಇಷ್ಟೇ: ಕಟ್ಟಿದ್ದು ಉಳಿಯುತ್ತೋ ಇಲ್ಲವೋ ನಮ್ಮ ಕೈಲಿಲ್ಲ, ಅದರ ಫೋಟೋ ತೆಗೆದು, ವಿಧಾನ ಬರೆದು, ನಾಲ್ಕು ಜನಕ್ಕೆ ಹೇಳೋದು ನಮ್ಮ ಕೈಲಿದೆ.

ರೈಲಿನ ಹುಚ್ಚು ಇರುವವರಿಗೆ ಒಂದು ಮಾತು. ಜಾಗ ಇಲ್ಲ ಅನ್ನೋ ನೆಪ ಈಗ ನಡೆಯಲ್ಲ. ಎಚ್‌ಓಗಿಂತ ಚಿಕ್ಕದಾದ ಎನ್ ಅಳತೆಯಲ್ಲಿ ಹಳಿಯ ಅಗಲ 9 ಮಿಲಿಮೀಟರ್, 1972ರಲ್ಲಿ ಬಂದ ಜೆಡ್ ಅಳತೆಯಲ್ಲಿ ಬರೀ 6.5. ದುಡ್ಡೂ ಇಲ್ಲ ಅಂತೀರಾ? ಹಾಳೆಯ ಮೇಲೆ ಒಂದು ಲೂಪ್, ನಾಲ್ಕಾರು ಸೈಡಿಂಗ್ ಗೀಚಿ, ನಾಣ್ಯಗಳನ್ನೇ ಬೋಗಿ ಮಾಡಿಕೊಳ್ಳಿ. ಒಂದೊಂದು ಸೈಡಿಂಗ್‌ನಲ್ಲಿ ಎರಡು ಮೂರಕ್ಕಿಂತ ಹೆಚ್ಚು ನಾಣ್ಯ ಹಿಡಿಸಬಾರದು. ರೂಮ್‌ಮೇಟ್ ಕೈಗೆ ಗಡಿಯಾರ ಕೊಟ್ಟು ಶಂಟಿಂಗ್ ಶುರುಮಾಡಿ. ಊಟದ ಬೆಲ್ ಹೊಡೆದದ್ದು ಕೇಳಿಸದಿದ್ದರೆ ತಪ್ಪು ಅಲೆನ್ ಅವರದ್ದು!