ಹತ್ತೊಂಬತ್ತಕ್ಕೇ ಎಲ್ಲ ಗೆದ್ದವನು

ಆರ್ಸೆನಲ್ ಮ್ಯಾಚ್ ಇರೋ ರಾತ್ರಿ ನಮ್ಮ ಕೆಂಗೇರಿ ಹಾಸ್ಟೆಲ್ಲಿನಲ್ಲಿ ಒಂದು ಲ್ಯಾಪ್‌ಟಾಪ್ ಮುಂದೆ ಹದಿನೈದು ತಲೆ. ಸಾಕಾ ಅಂಚಿನಿಂದ ಒಳಗೆ ನುಗ್ಗಿದ ಅಂದ್ರೆ ಎಲ್ಲರೂ ಎದ್ದು ನಿಲ್ತೀವಿ. ಇದೇ ಕ್ಲಬ್ಬಿಗೆ ತೊಂಬತ್ತು ವರ್ಷದ ಹಿಂದೆ ಎಡಗಡೆಯಿಂದ ಹೀಗೇ ನುಗ್ಗುತ್ತಿದ್ದ ಕ್ಲಿಫ್ ಬಾಸ್ಟಿನ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು 1912ರಲ್ಲಿ, ಇಂಗ್ಲೆಂಡಿನ ಎಕ್ಸಿಟರ್ ಪಕ್ಕದ ಹೆವಿಟ್ರೀಯಲ್ಲಿ. ನಾವು ಪಿಯುಸಿಗೆ ಸೇರೋ ವಯಸ್ಸಿಗೆ, ಅಂದರೆ 16ಕ್ಕೆ, ಎಕ್ಸಿಟರ್ ಸಿಟಿ ಪರ ಲೀಗ್ ಆಡಿಬಿಟ್ಟಿದ್ದ. ಆರ್ಸೆನಲ್ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಒಂದು ಮ್ಯಾಚಿಗೆ ಹೋಗಿದ್ದು ಬೇರೊಬ್ಬ ಆಟಗಾರನನ್ನು ನೋಡೋಕೆ. ಕಣ್ಣಿಗೆ ಬಿದ್ದಿದ್ದು ಈ ಹುಡುಗ. 1929ರಲ್ಲಿ 2,000 ಪೌಂಡ್ ಕೊಟ್ಟು ಲಂಡನ್ನಿಗೆ ಕರೆತಂದ. ಇನ್‌ಸೈಡ್ ಫಾರ್ವರ್ಡ್ ಆಗಿದ್ದವನನ್ನು ಎಡ ವಿಂಗಿಗೆ ಹಾಕಿದ.

ಆ ಕಾಲದಲ್ಲಿ ವಿಂಗರ್ ಅಂದರೆ ಗೆರೆ ಹಿಡಿದು ಓಡಿ, ಮಧ್ಯಕ್ಕೆ ಕ್ರಾಸ್ ಹಾಕೋನು. ಬಾಸ್ಟಿನ್ ಹಾಗಲ್ಲ. ಅಲೆಕ್ಸ್ ಜೇಮ್ಸ್ ಪಾಸ್ ಕೊಟ್ಟರೆ ಸಾಕು, ಒಳಗೆ ತಿರುಗಿ ತಾನೇ ಗೋಲ್ ಹೊಡೀತಿದ್ದ. 1930ರಲ್ಲಿ ಎಫ್.ಎ. ಕಪ್, 1931ರಲ್ಲಿ ಲೀಗ್, ಅದೇ ವರ್ಷ ಇಂಗ್ಲೆಂಡ್ ತಂಡ. ಆಗಿನ್ನೂ ವಯಸ್ಸು 19. ನಮಗೆ ಆ ವಯಸ್ಸಲ್ಲಿ ಎಂ-2 ಬ್ಯಾಕ್ ಇತ್ತು! 1932–33ರ ಲೀಗಿನಲ್ಲಿ ವಿಂಗರ್ ಆಗಿದ್ದೂ 33 ಗೋಲು. ಒಟ್ಟು ಐದು ಲೀಗ್, ಎರಡು ಕಪ್ ಗೆದ್ದ. ದುಡ್ಡು? ಎಷ್ಟೇ ದೊಡ್ಡ ಆಟಗಾರನಾದರೂ ಆಗ ಸೀಸನ್ನಿನಲ್ಲಿ ವಾರಕ್ಕೆ 8 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ.

ಈ ನಡುವೆ ಕಿವಿ ಮಂದವಾಗ್ತಾ ಬಂತು. ಜೊತೆಗಾರರ ಕೂಗು, ಜನರ ಗದ್ದಲ ಒಂದೊಂದಾಗಿ ದೂರವಾದವು. ಆದರೂ ಆಟ ನಿಲ್ಲಲಿಲ್ಲ. 1938ರಲ್ಲಿ ಬರ್ಲಿನ್ನಿನಲ್ಲಿ ಜರ್ಮನಿಯನ್ನು ಇಂಗ್ಲೆಂಡ್ 6–3ರಿಂದ ಸೋಲಿಸಿದಾಗ ಮೊದಲ ಗೋಲು ಬಾಸ್ಟಿನ್‌ದೇ.

ಮರುವರ್ಷ ಯುದ್ಧ ಶುರುವಾಯ್ತು. ಆಗ ಅವನಿಗೆ 27, ಆಟಗಾರನ ಪಾಲಿಗೆ ಬಂಗಾರದಂಥ ವಯಸ್ಸು. ಲೀಗ್ ಬಂದ್. ಕಿವಿಯ ಕಾರಣಕ್ಕೆ ಸೈನ್ಯಕ್ಕೆ ತಗೊಳ್ಳಲಿಲ್ಲ. ಹೈಬರಿ ಸ್ಟೇಡಿಯಮ್ಮಿನಲ್ಲೇ ವಾಯುದಾಳಿ ಕಾವಲಿಗೆ ನಿಂತ. ಗೋಲು ಹೊಡೆದ ಅಂಗಳವನ್ನೇ ಕಾಯುವ ಕೆಲಸ. ಬಿಡುವಿದ್ದಾಗ ಯುದ್ಧಕಾಲದ ಮ್ಯಾಚ್ ಆಡಿದ, ಆದರೆ ಆ ಗೋಲುಗಳು ಅಧಿಕೃತ ಲೆಕ್ಕಕ್ಕೆ ಬರಲಿಲ್ಲ. ಲೀಗ್ ಮತ್ತೆ ಶುರುವಾದಾಗ ಆರೇ ಪಂದ್ಯ, ಒಂದೂ ಗೋಲಿಲ್ಲ. 1947ರಲ್ಲಿ ಬೂಟು ಬಿಚ್ಚಿಟ್ಟ. ಆಮೇಲೆ ಊರಿಗೆ ಮರಳಿ ಪಬ್ ನಡೆಸಿದ. 1991ರಲ್ಲಿ ತೀರಿಕೊಂಡ.

ಆರ್ಸೆನಲ್ ಪರ ಅವನ ಲೆಕ್ಕ 178 ಗೋಲು. ಎಲ್ಲವೂ ಯುದ್ಧಕ್ಕೆ ಮೊದಲು, 27 ತುಂಬಿದ ವರ್ಷದೊಳಗೇ ಹೊಡೆದದ್ದು. ಆ ದಾಖಲೆ ಮುರಿಯಲು ಇಯಾನ್ ರೈಟ್ 1997ರಲ್ಲಿ ಬರಬೇಕಾಯ್ತು. ಅದನ್ನು ನೋಡೋಕೆ ಬಾಸ್ಟಿನ್ ಇರಲಿಲ್ಲ.

ಲೇಟಾಯ್ತು, ಇನ್ನೂ ಏನೂ ಸಾಧಿಸಿಲ್ಲ ಅಂತ ನಾವು ದಿನಾ ಗೊಣಗ್ತೀವಿ. ಬಾಸ್ಟಿನ್‌ಗೆ ಎಲ್ಲ ಬೇಗ ಸಿಕ್ಕಿತು, ಬೇಗ ಕೈಬಿಟ್ಟೂ ಹೋಯ್ತು. ಕಾಲ ಎಷ್ಟು ಕೊಡುತ್ತೆ ಅನ್ನೋದು ಅವನ ಕೈಲಿರಲಿಲ್ಲ. ಕಾಲಿಗೆ ಬಂದ ಬಾಲನ್ನು ಏನು ಮಾಡಬೇಕು ಅನ್ನೋದು ಮಾತ್ರ ಇತ್ತು. ಮುಂದಿನ ಮ್ಯಾಚಲ್ಲಿ ಸಾಕಾ ಒಳಗೆ ತಿರುಗಿದಾಗ ಈ ಹಳೆಯ ವಿಂಗರನ್ನೂ ಒಮ್ಮೆ ನೆನೆಯೋಣ.