ಕಬ್ಬಿಣದ ನೇಗಿಲು ನೆಲಕ್ಕೆ ವಿಷವೇ? ಲಕ್ಷ್ಮಣರಾವ್ ಕಿರ್ಲೋಸ್ಕರ್ ಮತ್ತು ಅವರ ಸಲಕರಣೆಗಳು

ದಿನನಿತ್ಯ ಬಳಸುವ ಸಲಕರಣೆಗಳಲ್ಲಿ ನಿಮಗೆ ಅಚ್ಚುಮೆಚ್ಚಿನದು ಯಾವುದು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಮೊಬೈಲ್ ಎನ್ನುವವರೇ ಹೆಚ್ಚು. ಆದರೆ ಧಾರವಾಡದಿಂದ ಬೆಳಗಾವಿ ಕಡೆಗೆ ಹೆದ್ದಾರಿ ಹಿಡಿದರೆ ಸಿಗುವ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಸಿಗಬಹುದು. (ಹೊಯ್ಸಳರ ಬೇಲೂರಲ್ಲ, ಇದು ಬಸ್ಸುಗಳೂ ನೆಲ ಅಗೆಯುವ ಯಂತ್ರಗಳೂ ತಯಾರಾಗುವ ಬೇಲೂರು.) ಇಂಥ ಕಡೆ ವಿನ್ಯಾಸ ಮಾಡುವವರಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶವೇ ಕೈ. ಲೇತ್ ಮುಂದೆ ನಿಲ್ಲುವವರಿಗೆ ವರ್ನಿಯರ್ ಕ್ಯಾಲಿಪರ್ ಇಲ್ಲದೆ ದಿನ ಸಾಗದು.

ನೂರಮೂವತ್ತು ವರ್ಷಗಳ ಹಿಂದೆ ಇದೇ ಸೀಮೆಯ ಒಬ್ಬರನ್ನು ಕೇಳಿದ್ದರೆ ಉತ್ತರ ಹೀಗಿರುತ್ತಿತ್ತೇನೋ: ಡ್ರಾಯಿಂಗ್ ಬೋರ್ಡು, ಸೈಕಲ್ಲು, ಲೇತು. ಅವರು ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್. ಈ ಹೆಸರನ್ನು ಪಂಪ್‌ಸೆಟ್ಟಿನ ಮೇಲೋ ಮೋಟಾರಿನ ಮೇಲೋ ಓದದ ರೈತರು ನಮ್ಮಲ್ಲಿ ಕಡಿಮೆ. ಆದರೆ ಅವರ ಬದುಕಿನ ದೊಡ್ಡ ತಿರುವುಗಳಿಗೆ ಎರಡು ವಿಷಯಗಳು ಕಾರಣ ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಒಂದು, ಅವರ ಕಣ್ಣಿನ ದೋಷ. ಇನ್ನೊಂದು, ಊರಿನವರ ತಪ್ಪು ನಂಬಿಕೆ.

ಚಿತ್ರಕಲೆಯಿಂದ ಯಂತ್ರದ ನಕ್ಷೆಗೆ

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಸುತ್ತಲಿನ ನಾಡು ಕನ್ನಡದ್ದು. ಶಾಲೆಯ ಪಾಠಕ್ಕಿಂತ ಹುಡುಗನಿಗೆ ಆಸಕ್ತಿ ಇದ್ದದ್ದು ಎರಡೇ ವಿಷಯಗಳಲ್ಲಿ, ಚಿತ್ರ ಬಿಡಿಸುವುದು ಮತ್ತು ಯಂತ್ರಗಳು. ತಂದೆಗೆ ಇದು ಹಿಡಿಸಲಿಲ್ಲ. ಅಣ್ಣ ರಾಮುಅಣ್ಣನವರ ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು.

ಸುಮಾರು ಎರಡು ವರ್ಷ ಕಳೆಯುವಷ್ಟರಲ್ಲಿ ತೊಡಕು ಗೊತ್ತಾಯಿತು. ಅವರಿಗೆ ಭಾಗಶಃ ವರ್ಣಾಂಧತೆ ಇತ್ತು. ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಸಿಗುತ್ತಿರಲಿಲ್ಲ. ವರ್ಣಚಿತ್ರಕಾರನಾಗುವ ಆಸೆಗೆ ಅಲ್ಲಿಗೆ ತೆರೆ ಬಿತ್ತು.

ವರ್ಣಾಂಧತೆ ಎಂದರೆ ಲೋಕವೆಲ್ಲ ಹಳೆಯ ಸಿನಿಮಾದ ಹಾಗೆ ಕಪ್ಪು ಬಿಳುಪಾಗಿ ಕಾಣುವುದು ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶಗಳಿವೆ. ಅವುಗಳಲ್ಲಿ ಒಂದು ಬಗೆಯದು ಇಲ್ಲದಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ಕೆಲವು ಬಣ್ಣಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ. ಸಾಮಾನ್ಯವಾಗಿ ಗೊಂದಲವಾಗುವುದು ಕೆಂಪು ಮತ್ತು ಹಸಿರಿನ ನಡುವೆ. ಎಲ್ಲವೂ ಬೂದುಬಣ್ಣವಾಗಿ ಕಾಣುವ ಪೂರ್ಣ ವರ್ಣಾಂಧತೆ ತೀರಾ ಅಪರೂಪ.

ಕೆಂಪು-ಹಸಿರಿನ ಈ ದೋಷ ಗಂಡಸರಲ್ಲೇ ಹೆಚ್ಚು. ಅದಕ್ಕೆ ಸಂಬಂಧಿಸಿದ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನ ಮೇಲಿರುತ್ತವೆ. ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಒಂದರ ದೋಷವನ್ನು ಇನ್ನೊಂದು ಸರಿದೂಗಿಸುತ್ತದೆ, ಗಂಡಸರಿಗಿರುವುದು ಒಂದೇ. ಆ ಒಂದು ಎಕ್ಸ್ ಬರುವುದು ತಾಯಿಯಿಂದ. ಹಾಗಾಗಿ ಈ ದೋಷ ಅಪ್ಪನಿಂದ ಮಗನಿಗೆ ನೇರವಾಗಿ ಬರುವುದಿಲ್ಲ, ಮಗಳ ಮೂಲಕ ಮೊಮ್ಮಗನಿಗೆ ದಾಟಬಹುದು.

ಬಣ್ಣದ ದಾರಿ ಮುಚ್ಚಿದರೂ ಲಕ್ಷ್ಮಣರಾವ್ ಪೆನ್ಸಿಲ್ ಕೆಳಗಿಡಲಿಲ್ಲ. ಅದೇ ಶಾಲೆಯಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಇಲ್ಲಿ ಬಣ್ಣಕ್ಕೆ ಕೆಲಸವೇ ಇಲ್ಲ, ಮಾತಾಡುವುದು ಗೆರೆ. ಕಾಣುವ ಅಂಚಿಗೆ ತುಂಬು ಗೆರೆ, ಒಳಗೆ ಮರೆಯಾಗಿರುವ ಅಂಚಿಗೆ ತುಂಡು ಗೆರೆ, ರಂಧ್ರದ ನಡುವನ್ನು ತೋರಿಸಲು ಉದ್ದ-ಗಿಡ್ಡ ತುಂಡುಗಳ ಸರಪಳಿ ಗೆರೆ. ಇವತ್ತಿನ ಆಟೋಕ್ಯಾಡ್‌ನಂಥ ತಂತ್ರಾಂಶಗಳಲ್ಲಿ ಪದರಕ್ಕೊಂದು ಬಣ್ಣ ಹಚ್ಚಿಡುವ ರೂಢಿ ಇದೆ. ಆದರೂ ಕಪ್ಪು ಬಿಳುಪಿನಲ್ಲಿ ಮುದ್ರಿಸಿದಾಗ ನಕ್ಷೆಯ ಅರ್ಥ ಕೆಡುವುದಿಲ್ಲ. ಗೆರೆಯ ಬಗೆ ಮತ್ತು ದಪ್ಪವೇ ಮುಖ್ಯ ಸುದ್ದಿಯನ್ನು ಹೊತ್ತಿರುತ್ತವೆ. ಬಣ್ಣ ಗುರುತಿಸಲು ತೊಡಕಿರುವವರು ಪದರಗಳ ಬಣ್ಣವನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ವಿದ್ಯುತ್ ತಂತಿಗಳ ಕೆಲಸ ಮಾತ್ರ ಬೇರೆ ಮಾತು. ಅಲ್ಲಿ ಕೆಂಪು, ಹಸಿರು ತಪ್ಪಿದರೆ ಜೀವಕ್ಕೇ ಅಪಾಯ. ಅದಕ್ಕೇ ಅಂಥ ಕೆಲಸಗಳಿಗೆ ಸೇರುವಾಗ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಹುಡುಕುವ ಪರೀಕ್ಷೆ ಇರುತ್ತದೆ.

ಹವ್ಯಾಸವೇ ಅಂಗಡಿಯಾಯಿತು

ನಕ್ಷೆಯ ವಿದ್ಯೆ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಅಧ್ಯಾಪಕನ ಕೆಲಸ ಕೊಡಿಸಿತು. ತರಗತಿ ಮುಗಿದ ಮೇಲೆ ಅವರು ಹೋಗುತ್ತಿದ್ದದ್ದು ಅಲ್ಲಿನ ವರ್ಕ್‌ಶಾಪಿಗೆ. ಯಂತ್ರ ಬಿಚ್ಚುವುದು, ಜೋಡಿಸುವುದು, ಲೇತ್ ತಿರುಗಿಸುವುದು ಎಲ್ಲವನ್ನೂ ಬಿಡುವಿನ ವೇಳೆಯಲ್ಲಿ ಕಲಿತರು. ಎಂಜಿನಿಯರಿಂಗ್ ಪದವಿ ಅವರಿಗೆ ಯಾವತ್ತೂ ಇರಲಿಲ್ಲ.

ಸೈಕಲ್ ಗೀಳು ಹತ್ತಿದ್ದೂ ಮುಂಬಯಿಯಲ್ಲೇ. ಎರಡೂ ಗಾಲಿ ಒಂದೇ ಅಳತೆಯ, ಸರಪಳಿಯಿಂದ ಓಡುವ ಸೈಕಲ್ ಇಂಗ್ಲೆಂಡಿನಲ್ಲಿ ಬಂದದ್ದು 1885ರಲ್ಲಿ, ಗಾಳಿ ತುಂಬುವ ಟೈರಿಗೆ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಅಂದಿನ ಮಟ್ಟಿಗೆ ಅದು ಹೊಚ್ಚ ಹೊಸ ಗ್ಯಾಜೆಟ್. ಲಕ್ಷ್ಮಣರಾವ್ ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು. ರಾಮುಅಣ್ಣ ಅಲ್ಲಿ ಅವನ್ನು ಮಾರಿ, ಕೊಂಡವರಿಗೆ ಹತ್ತುವುದನ್ನೂ ಕಲಿಸುತ್ತಿದ್ದರು. ಆಗಿನ ಕಾಲಕ್ಕೆ ಇದು ಜಾಣತನದ ವ್ಯಾಪಾರವೇ. ಬೀಳುವ ಭಯ ಹೋಗದೆ ಸೈಕಲ್ ಮಾರುವುದಾದರೂ ಹೇಗೆ?

ಕೆಲಸದಲ್ಲಿ ಬಡ್ತಿಯ ಸರದಿ ಬಂದಾಗ ಲಕ್ಷ್ಮಣರಾವ್ ಅವರನ್ನು ಬದಿಗಿಟ್ಟು ಆಂಗ್ಲೋ-ಇಂಡಿಯನ್ ಒಬ್ಬರಿಗೆ ಆ ಜಾಗ ಕೊಟ್ಟರು. ಅವರು ನೌಕರಿ ಬಿಟ್ಟು ಬೆಳಗಾವಿಗೆ ಬಂದು ಅಣ್ಣನ ಜೊತೆ ಸೇರಿಕೊಂಡರು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಆ ಸೈಕಲ್ ಅಂಗಡಿಯಿಂದಲೇ ಕಿರ್ಲೋಸ್ಕರ್ ಸಮೂಹ ಇವತ್ತಿಗೂ ತನ್ನ ವಯಸ್ಸನ್ನು 1888ರಿಂದ ಎಣಿಸುತ್ತದೆ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಗೆ ಹೆಸರು ಬಂದದ್ದೂ ಅವರಿಂದಲೇ.

ಮಾರಾಟದಿಂದ ತಯಾರಿಕೆಗೆ ಜಿಗಿದಾಗ ಅವರು ಮೊದಲು ಕೈ ಹಾಕಿದ ಯಂತ್ರಗಳಲ್ಲಿ ಒಂದು ಮೇವು ಕತ್ತರಿಸುವುದು. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಪ್ಪ ದಂಟನ್ನು ತುಳಿದು ಬಿಡುತ್ತದೆ. ಸಣ್ಣಗೆ ಕತ್ತರಿಸಿದರೆ ದಂಟೂ ಹೊಟ್ಟೆ ಸೇರುತ್ತದೆ. ಕೈಯಿಂದ ತಿರುಗಿಸುವ ಇಂಥ ಯಂತ್ರದಲ್ಲಿ ಒಂದು ಭಾರವಾದ ಚಕ್ರ, ಅದರ ಕಡ್ಡಿಗಳಿಗೆ ಬಾಗಿದ ಅಲಗು. ಭಾರದ ಚಕ್ರ ಒಮ್ಮೆ ವೇಗ ಪಡೆದರೆ ಆ ವೇಗವೇ ಅಲಗನ್ನು ಕಣಿಕೆಯ ಕಟ್ಟಿನೊಳಗೆ ದಾಟಿಸುತ್ತದೆ. ಅಲಗು ಬಾಗಿರುವುದರಿಂದ ಇಡೀ ಕಟ್ಟನ್ನು ಒಂದೇ ಸಲಕ್ಕೆ ಕಡಿಯದೆ ಜಾರುತ್ತ ಕತ್ತರಿಸುತ್ತದೆ, ತೋಳಿಗೆ ಜಗ್ಗು ಕಡಿಮೆ. ಈ ಯಂತ್ರದ ಲಾಭ ಕಣ್ಣಿಗೆ ಕಾಣುತ್ತಿತ್ತು.

ನೇಗಿಲಿನ ವಿಷಯ ಹಾಗಾಗಲಿಲ್ಲ.

ಕಬ್ಬಿಣ ತಾಕಿದರೆ ನೆಲ ಕೆಡುತ್ತದೆಯೇ?

ನಮ್ಮ ಕಡೆ ರಂಟಿ ಎಂದರೆ ಮರದ್ದು. ಲಕ್ಷ್ಮಣರಾವ್ ಪೂರ್ತಿ ಕಬ್ಬಿಣದ ನೇಗಿಲು ಮಾಡಿ ತೋರಿಸಿದಾಗ ರೈತರು ಮುಟ್ಟಲಿಲ್ಲ. ಕಬ್ಬಿಣ ನೆಲಕ್ಕೆ ವಿಷ, ಭೂಮಿ ಬಂಜೆಯಾಗುತ್ತದೆ ಎಂಬ ಮಾತು ಹರಡಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಸಂಸ್ಥೆಯ ಚರಿತ್ರೆ ಹೇಳುತ್ತದೆ.

ಇದನ್ನು ಓದಿ ನಮ್ಮ ಹಳ್ಳಿಗರ ಮೂಢನಂಬಿಕೆ ಎಂದು ನಗುವ ಮೊದಲು ಅಮೆರಿಕದ ಕಡೆ ನೋಡಬೇಕು. ನ್ಯೂಜೆರ್ಸಿಯ ಚಾರ್ಲ್ಸ್ ನ್ಯೂಬೋಲ್ಡ್ 1797ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟ್ ಪಡೆದಾಗ ಅಲ್ಲಿನ ರೈತರು ಹೇಳಿದ್ದೂ ಇದನ್ನೇ. ಕಬ್ಬಿಣ ಮಣ್ಣನ್ನು ಕೆಡಿಸುತ್ತದೆ, ಕಳೆ ಹೆಚ್ಚಿಸುತ್ತದೆ ಎಂದು ಅವರೂ ದೂರ ಸರಿದರು.

ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ಹೊಲದಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಎಂಟು ಲಕ್ಷ ಕಿಲೋಗ್ರಾಂ ದಾಟುತ್ತದೆ. ಮಣ್ಣಿನಲ್ಲಿ ಕಬ್ಬಿಣ ಮೊದಲೇ ಇದೆ. ನೂರಕ್ಕೆ ಮೂರು ಪಾಲು ಎಂದು ಹಿಡಿದರೂ 25 ಸಾವಿರ ಕಿಲೋ ಆಯಿತು. ನೇಗಿಲಿನ ಐದು ಕಿಲೋ ತೂಕದ ಭಾಗ ಪೂರ್ತಿ ಸವೆದು ಅದೇ ಎಕರೆಯಲ್ಲಿ ಬೆರೆತುಹೋಯಿತು ಎಂದುಕೊಂಡರೂ (ಹಾಗೆ ಸವೆಯುವ ನೇಗಿಲನ್ನು ಯಾರೂ ಕೊಳ್ಳುವುದಿಲ್ಲ) ಇದ್ದ ಕಬ್ಬಿಣಕ್ಕೆ ಸೇರುವುದು ಐದು ಸಾವಿರದಲ್ಲಿ ಒಂದು ಪಾಲು. ಆ ಪುಡಿ ಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಎಂದರೆ ಕಬ್ಬಿಣದ ಆಕ್ಸೈಡ್. ಕೆಂಪು ಮಣ್ಣಿಗೆ ಕೆಂಪು ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡುಗಳೇ. ಅಷ್ಟೇಕೆ, 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರಿಟ್ಟ ಪುರಾತನ ಶಿಲೆಗಳ ಗುಂಪಿನಲ್ಲೇ ಸಂಡೂರಿನ ಕಬ್ಬಿಣದ ಅದಿರು ಇರುವುದು.

ಕಬ್ಬಿಣ ಬೆಳೆಗೆ ಎಂದೂ ತೊಂದರೆ ಕೊಡುವುದಿಲ್ಲವೇ? ಕೊಡುತ್ತದೆ. ನೀರು ನಿಂತ ಹುಳಿ ಮಣ್ಣಿನ ಗದ್ದೆಗಳಲ್ಲಿ ಆಮ್ಲಜನಕ ಕಡಿಮೆಯಾಗಿ ಕಬ್ಬಿಣ ನೀರಿನಲ್ಲಿ ಕರಗುತ್ತದೆ, ಬತ್ತದ ಎಲೆಗಳು ಕಂದುಗಟ್ಟುತ್ತವೆ. ಅದಕ್ಕೂ ನೇಗಿಲಿಗೂ ಸಂಬಂಧವಿಲ್ಲ. ನಮ್ಮ ಸುಣ್ಣದಂಶದ ಕಪ್ಪು ನೆಲದಲ್ಲಿ ಆಗುವುದು ಇದರ ತದ್ವಿರುದ್ಧ. ಕಬ್ಬಿಣ ರಾಶಿ ಇದ್ದರೂ ಕರಗದೆ ಬೇರಿಗೆ ಸಿಗುವುದಿಲ್ಲ, ಶೇಂಗಾದ ಎಳೆ ಎಲೆಗಳು ಹಳದಿಯಾಗುತ್ತವೆ.

ಇನ್ನೂ ಒಂದು ಸ್ವಾರಸ್ಯವಿದೆ. ಮರದ ರಂಟಿಯ ತುದಿಗೆ ಹಾಕುತ್ತಿದ್ದ ಕುಳ ಕಬ್ಬಿಣದ್ದೇ! ಅಂದರೆ ಕಬ್ಬಿಣ ಶತಮಾನಗಳಿಂದ ಹೊಲಕ್ಕೆ ತಾಕುತ್ತಲೇ ಇತ್ತು. ಹಾಗಿದ್ದೂ ಹೊಸ ನೇಗಿಲಿಗೆ ಮಾತ್ರ ವಿಷದ ಹೆಸರು ಯಾಕೆ ಬಂತು? ನನಗೆ ಅನಿಸುವುದು, ಆ ಮಾತಿನ ಹಿಂದೆ ರೈತರು ಬಾಯಿಬಿಟ್ಟು ಹೇಳದ ಬೇರೆ ಲೆಕ್ಕಗಳೂ ಇದ್ದವು. ಮರದ ರಂಟಿ ಮುರಿದರೆ ಊರ ಬಡಿಗ ರಿಪೇರಿ ಮಾಡುತ್ತಿದ್ದ, ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ಮುಗಿಯಿತು. ಕಬ್ಬಿಣದ ನೇಗಿಲಿಗೆ ರೊಕ್ಕ ಬೇಕು, ಬಿಡಿಭಾಗ ಪೇಟೆಯಿಂದ ಬರಬೇಕು, ಎಳೆಯಲು ಗಟ್ಟಿ ಎತ್ತುಗಳು ಬೇಕು. ಮುಂಗಾರಿನ ನಾಲ್ಕು ದಿನದ ಹದದಲ್ಲಿ ನೇಗಿಲು ಕೈಕೊಟ್ಟರೆ ಆ ವರ್ಷದ ಅನ್ನವೇ ಹೋಯಿತು. ಹೊಸ ತಂತ್ರಾಂಶ ಬಂದಾಗ ಹಳೆಯದನ್ನು ಬಿಡಲು ಒಪ್ಪದ ಅನುಭವಿ ಕೆಲಸಗಾರರ ಹಿಂಜರಿಕೆಯೂ ಇದೇ ಜಾತಿಯದು, ಮೇಲೆ ಹೇಳುವ ಕಾರಣ ಒಂದು, ಒಳಗಿನ ಭಯ ಇನ್ನೊಂದು.

ಲಾಭವಿದ್ದದ್ದೂ ನಿಜ. ಮರದ ರಂಟಿ ನೆಲವನ್ನು ಸೀಳುತ್ತದೆ ಅಷ್ಟೇ. ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆ ಮಣ್ಣನ್ನು ಮಗುಚಿ ಹಾಕುತ್ತದೆ. ಕಪ್ಪು ನೆಲದಲ್ಲಿ ಆಳಕ್ಕೆ ಬೇರು ಬಿಡುವ ಕರಿಕೆಯನ್ನು ಕೀಳಲು ಇಂಥ ನೇಗಿಲೇ ಬೇಕಾಯಿತು. ಕೊಂಡವರ ಹೊಲ ನೋಡಿ ಪಕ್ಕದವರು ಕೊಂಡರು. ನೆಲ ಬಂಜೆಯಾಗಲಿಲ್ಲ.

ಬೆಳಗಾವಿಯಿಂದ ಆಚೆಗೆ

ವ್ಯಾಪಾರ ಕುದುರುವ ಹೊತ್ತಿಗೆ ಹೊಸ ಬಡಾವಣೆಗಾಗಿ ಬೆಳಗಾವಿ ಪುರಸಭೆ ಅವರ ಜಾಗ ತೆರವು ಮಾಡಿಸಿತು. ನೆರವಿಗೆ ಬಂದವರು ಔಂಧ್ ಸಂಸ್ಥಾನದ ರಾಜ. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ನೆಲವನ್ನೂ ಸಾಲವನ್ನೂ ಕೊಟ್ಟರು. ಪಾಪಸುಕಳ್ಳಿ, ಹಾವುಗಳಿಂದ ತುಂಬಿದ್ದ ಆ ಜಾಗದಲ್ಲಿ 1910ರಲ್ಲಿ ಎದ್ದು ನಿಂತ ಕಾರ್ಖಾನೆಯ ಊರೇ ಕಿರ್ಲೋಸ್ಕರವಾಡಿ, ಈಗಿನ ಸಾಂಗ್ಲಿ ಜಿಲ್ಲೆಯಲ್ಲಿದೆ. ಕಲಾಶಾಲೆ ಅರ್ಧಕ್ಕೆ ಬಿಟ್ಟ ಲಕ್ಷ್ಮಣರಾವ್ ಮಗ ಶಂತನುರಾವ್ ಅವರನ್ನು ಅಮೆರಿಕದ ಎಂಐಟಿಗೆ ಕಳಿಸಿದರು. ಅವರು 1926ರಲ್ಲಿ ಪದವಿ ಪಡೆದರು. ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಎಂಬ ಮೊದಲ ಪ್ರೋಗ್ರಾಂ 1963ರಲ್ಲಿ ಹುಟ್ಟಿದ್ದೂ ಅದೇ ಎಂಐಟಿಯಲ್ಲಿ. ಇವತ್ತಿನ ಕ್ಯಾಡ್‌ಗೆ ಅದೇ ಮೂಲ.

ಕರ್ನಾಟಕಕ್ಕೆ ಅವರ ಯಂತ್ರಗಳು ಮರಳಿ ಬಂದವು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ತಯಾರಿಸಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬಂತು, ಮುಂದೆ ಹುಬ್ಬಳ್ಳಿಯ ಗೋಕುಲ ರಸ್ತೆಗೂ ಅದರ ಘಟಕ ಬಂದಿತು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಿತು.