‘ಹೆಚ್ಚು-ಕಡಿಮೆ’ ಚಿಹ್ನೆಯ ಹ್ಯಾರಿಯಟ್

ಮಕ್ಕಳು ‘ಕ್ಷ > 5’ ಎಂದು ಬರೆದು, ಸಂಖ್ಯಾರೇಖೆಯಲ್ಲಿ 5ರ ಮೇಲೆ ಟೊಳ್ಳು ವೃತ್ತ ಹಾಕಿ, ಅಲ್ಲಿಂದ ಬಲಕ್ಕೆ ಗೆರೆಯನ್ನು ದಪ್ಪಗೊಳಿಸುತ್ತಾರಷ್ಟೆ. (5 ಸೇರದು ಎಂಬುದಕ್ಕೇ ಆ ಟೊಳ್ಳು.) ಈ ಬಾಯ್ದೆರೆದ ಚಿಹ್ನೆ ಅಚ್ಚಿನಲ್ಲಿ ಮೊದಲು ಕಂಡುದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಎಂಬ ಆಂಗ್ಲ ಗಣಿತಜ್ಞನ ಗ್ರಂಥದಲ್ಲಿ. ಆಗ ಆತ ತೀರಿಕೊಂಡು ಹತ್ತು ವರ್ಷವಾಗಿತ್ತು.

1560ರ ಸುಮಾರಿಗೆ ಜನಿಸಿದ ಹ್ಯಾರಿಯಟ್ ಆಕ್ಸ್‌ಫರ್ಡಿನಲ್ಲಿ ಓದಿ ಸರ್ ವಾಲ್ಟರ್ ರಾಲೆಯ ಆಶ್ರಯ ಸೇರಿದ. ನಾವಿಕರಿಗೆ ನೌಕಾಯಾನದ ಗಣಿತ ಹೇಳಿಕೊಟ್ಟ. 1585ರಲ್ಲಿ ಅಮೇರಿಕದ ರೋನೋಕ್ ದ್ವೀಪಕ್ಕೆ ಹೋದ. ಹೋಗುವ ಮೊದಲೇ, ಇಂಗ್ಲೆಂಡಿಗೆ ಬಂದಿದ್ದ ಆ ಕಡೆಯ ಇಬ್ಬರು ಮೂಲನಿವಾಸಿಗಳಿಂದ ಅವರ ಭಾಷೆ ಕಲಿತು, ಉಚ್ಚಾರಕ್ಕೆ ತಕ್ಕ ಲಿಪಿಯೊಂದನ್ನು ರಚಿಸಿದ್ದ. ಗಡಿನಾಡಿನವರಾದ ನಮಗೆ ಅವನ ಗಣಿತಕ್ಕಿಂತ ಇದೇ ಹೆಚ್ಚು ಹಿಡಿಸೀತು!

ಆಶ್ರಯದಾತರ ದೆಸೆ ಮಾತ್ರ ಕೆಟ್ಟಿತು. ರಾಲೆ ಸೆರೆಯಾಗಿ, 1618ರಲ್ಲಿ ಶಿರಚ್ಛೇದಕ್ಕೊಳಗಾದ. ನಾರ್ತಂಬರ್ಲೆಂಡಿನ ಅರ್ಲ್ 1605ರ ಪಿತೂರಿಯ ಗುಮಾನಿಯಲ್ಲಿ ಬಂಧಿತನಾದಾಗ ಹ್ಯಾರಿಯಟನೂ ಕೆಲಕಾಲ ಸೆರೆವಾಸ ಕಂಡ. 1609ರ ಜುಲೈಯಲ್ಲಿ, ಗೆಲಿಲಿಯೋಗಿಂತ ಕೆಲವು ತಿಂಗಳು ಮೊದಲೇ, ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ, ಪ್ರಕಟಿಸಲಿಲ್ಲ. ಗಣಿತದ್ದೂ ಅದೇ ಕಥೆ.

1621ರ ಜುಲೈ 2ರಂದು ಮೂಗಿನ ಅರ್ಬುದ ರೋಗದಿಂದ ಲಂಡನಿನಲ್ಲಿ ತೀರಿಕೊಂಡ. ತನ್ನ ಗಣಿತದ ಕಾಗದಗಳನ್ನು ಅಚ್ಚಿಗೆ ಅಣಿಗೊಳಿಸಬೇಕೆಂದು ಗೆಳೆಯರಿಗೆ ಉಯಿಲಿನಲ್ಲಿ ಬರೆದಿಟ್ಟಿದ್ದ. ಹೊರಬಂದುದು ಬೀಜಗಣಿತದ ಒಂದು ಭಾಗ ಮಾತ್ರ. ಉಳಿದ ಹಾಳೆಗಳ ದೊಡ್ಡ ರಾಶಿ ಸಸೆಕ್ಸಿನ ಪೆಟ್‌ವರ್ತ್ ಭವನದಲ್ಲಿ ಪತ್ತೆಯಾದುದು 1784ರಲ್ಲಿ.